ಬ್ರೇಕಿಲ್ಲದ ರಣರಂಗ

ಬಾಹ್ಯಾಕಾಶ ಕಾಳಗದ ಕಂಪ್ಯೂಟರ್ ಆಟಕ್ಕೆ ಮೊದಲ ಸಲ ಕೂತವರು ಶತ್ರುವಿನ ಗುಂಡಿಗಿಂತ ಹೆಚ್ಚಾಗಿ ತಮ್ಮದೇ ವೇಗಕ್ಕೆ ಬಲಿಯಾಗುತ್ತಾರೆ. ಎಂಜಿನ್ ಆರಿಸಿದರೂ ನೌಕೆ ನಿಲ್ಲುವುದಿಲ್ಲ. ಮೂತಿಯನ್ನು ಎಡಕ್ಕೆ ತಿರುಗಿಸಿದರೆ, ಎಡಕ್ಕೆ ನೋಡುತ್ತಲೇ ಹಳೆಯ ದಿಕ್ಕಿನಲ್ಲಿ ಜಾರಿಕೊಂಡು ಹೋಗಿ ಯಾವುದೋ ಬಂಡೆಗೆ ಅಪ್ಪಳಿಸುತ್ತದೆ. ಆಟಗಾರ ಕೀಬೋರ್ಡಿಗೆ ಬೈಯುತ್ತಾನೆ. ಪಾಪ, ನೌಕೆ ನ್ಯೂಟನ್ ಹೇಳಿದ್ದನ್ನಷ್ಟೇ ಪಾಲಿಸಿರುತ್ತದೆ.

ನಮ್ಮ ಅಂದಾಜು ಕೆಡಲು ಸಿನಿಮಾವೂ ಒಂದಿಷ್ಟು ಕಾರಣ. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಕಾಳಗಗಳನ್ನು ಹೆಣೆಯುವಾಗ ಜಾರ್ಜ್ ಲೂಕಾಸ್ ಎರಡನೇ ಮಹಾಯುದ್ಧದ ವಿಮಾನ ಕಾದಾಟದ ತುಣುಕುಗಳನ್ನು ಮಾದರಿಯಾಗಿ ಇಟ್ಟುಕೊಂಡಿದ್ದರು. ವಿಮಾನ ಓರೆಯಾಗಿ ತಿರುಗುವುದು ರೆಕ್ಕೆ ಗಾಳಿಯನ್ನು ಒತ್ತುವುದರಿಂದ. ನಿರ್ವಾತದಲ್ಲಿ ಒತ್ತಲು ಏನಿದೆ? ಆದರೂ ಆ ನೋಟ ಜನರಿಗೆ ಹಿಡಿಸಿತು. 1990ರ ‘ವಿಂಗ್ ಕಮಾಂಡರ್’, 1993ರ ‘ಎಕ್ಸ್-ವಿಂಗ್’ ಆಟಗಳೂ ಅದೇ ಜಾಡು ಹಿಡಿದವು. ಮಜಾ ಕೊಡುವ ಆಟಗಳೇ, ಎರಡು ಮಾತಿಲ್ಲ. ಆದರೆ ತಮಾಷೆ ನೋಡಿ: ಇವೆಲ್ಲಕ್ಕೂ ಮೊದಲು, 1962ರಲ್ಲೇ, ಅಮೆರಿಕದ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಕಂಪ್ಯೂಟರಿಗೆ ಬರೆದ ‘ಸ್ಪೇಸ್‌ವಾರ್’ ಆಟದಲ್ಲಿ ನೌಕೆಗಳ ಚಲನೆ ಭೌತಶಾಸ್ತ್ರಕ್ಕೆ ತಕ್ಕಂತಿತ್ತು. ನಡುವೆ ಒಂದು ನಕ್ಷತ್ರ, ಅದರ ಗುರುತ್ವದ ಸೆಳೆತ, ಸುತ್ತ ಜಾರುತ್ತಾ ಗುಂಡು ಹಾರಿಸುವ ಎರಡು ನೌಕೆಗಳು. 2014ರ ‘ಎಲೀಟ್ ಡೇಂಜರಸ್’ ಎರಡಕ್ಕೂ ಜಾಗ ಮಾಡಿಕೊಟ್ಟಿದೆ. ‘ಫ್ಲೈಟ್ ಅಸಿಸ್ಟ್’ ಹಾಕಿದ್ದರೆ ಕಂಪ್ಯೂಟರೇ ಪುಟ್ಟ ಥ್ರಸ್ಟರ್‌ಗಳನ್ನು ಉರಿಸಿ ಜಾರುವಿಕೆಯನ್ನು ಅಳಿಸುತ್ತಿರುತ್ತದೆ. ತೆಗೆದರೆ ನೀವುಂಟು, ನ್ಯೂಟನ್ ಉಂಟು.

ಹೊಸಬರು ತಲೆಯಲ್ಲಿ ಬಿಡಿಸಿಕೊಳ್ಳಬೇಕಾದ ಮೊದಲ ಗಂಟು, ತಿರುಗುವುದೇ ಬೇರೆ, ಸಾಗುವುದೇ ಬೇರೆ ಎಂಬುದು. ಅರಸೀಕೆರೆಯ ಈಶ್ವರ ದೇವಾಲಯದ ತೆರೆದ ಮಂಟಪವನ್ನು ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಅದರ ತಳವಿನ್ಯಾಸ ಹದಿನಾರು ಮೊನೆಗಳ ನಕ್ಷತ್ರ. ಒಂದು ಚೌಕವನ್ನು ಅದರ ಕೇಂದ್ರದ ಸುತ್ತ 22.5 ಡಿಗ್ರಿಯಂತೆ ತಿರುಗಿಸುತ್ತಾ ನಾಲ್ಕು ಸಲ ಗೀಚಿದರೆ ನಾಲ್ಕು ಚೌಕ, ಹದಿನಾರು ಮೂಲೆ. ಮೂಲೆಗಳು ಎಲ್ಲೆಲ್ಲೋ ಹೋದವು, ಕೇಂದ್ರ ಮಾತ್ರ ಇದ್ದಲ್ಲೇ ಇದೆ. ನೌಕೆ ತಿರುಗುವುದೂ ಹೀಗೆಯೇ: ಮೂತಿ ಯಾವ ಕಡೆಗೇ ಹೊರಳಲಿ, ದ್ರವ್ಯರಾಶಿಯ ಕೇಂದ್ರ ತನ್ನ ಹಳೆಯ ಹಾದಿಯನ್ನು ಬಿಡುವುದಿಲ್ಲ. ಹಾದಿ ಬದಲಾಗಬೇಕಾದರೆ ಎಂಜಿನ್ ಉರಿಯಲೇಬೇಕು. ಇದು ಕೈಗೆ ಹತ್ತಿದ ದಿನ ಆಟದ ರುಚಿಯೇ ಬೇರೆ. ಮುಂದಕ್ಕೆ ಓಡುತ್ತಲೇ ಗಿರ್ರನೆ ಹಿಂದಕ್ಕೆ ತಿರುಗಿ, ಅಟ್ಟಿಸಿಕೊಂಡು ಬರುವವನ ಮುಖಕ್ಕೇ ಗುಂಡಿಡಬಹುದು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿರುವ ಭಾರತ ಯುದ್ಧದ ಸಾಲುಗಳಲ್ಲಿ ರಥ ನಡೆಸುವವನೊಬ್ಬ, ಬಿಲ್ಲು ಹಿಡಿದವನೊಬ್ಬ. ಇಲ್ಲಿ ಎರಡೂ ನೀವೇ.

ಬೇಲೂರು–ಹಳೇಬೀಡು ನೋಡಲು ಹಾಸನದ ಮೇಲೆ ಬರುವ ಬಹಳಷ್ಟು ಪ್ರವಾಸಿಗರಿಗೆ, ಊರಿನ ಸಾಲಗಾಮೆ ರಸ್ತೆಯಲ್ಲಿ ಇದೇ ವಿದ್ಯೆಯನ್ನು ಹಗಲೂ ರಾತ್ರಿ ನಡೆಸುವವರಿದ್ದಾರೆ ಎಂಬುದು ತಿಳಿದಿರುವುದಿಲ್ಲ. ಅದು ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಜನರ ಬಾಯಲ್ಲಿ ಎಂಸಿಎಫ್. 1982ರಿಂದ ನಮ್ಮ ಭೂಸ್ಥಿರ ಉಪಗ್ರಹಗಳ ಲಗಾಮು ಅಲ್ಲಿದೆ. ರಾಕೆಟ್ ಇಂಥ ಉಪಗ್ರಹವನ್ನು ಮೊಟ್ಟೆಯಾಕಾರದ ಕಕ್ಷೆಯಲ್ಲಿ ಬಿಟ್ಟು ಕೈತೊಳೆದುಕೊಳ್ಳುತ್ತದೆ. ಅಲ್ಲಿಂದ 35,786 ಕಿಲೋಮೀಟರ್ ಎತ್ತರದ ದುಂಡು ಕಕ್ಷೆಗೆ ಏರಿಸುವುದು ಹಾಸನದ ಕೆಲಸ. ಟನ್‌ಗಟ್ಟಲೆ ತೂಕದ ಉಪಗ್ರಹವನ್ನು ತಳ್ಳುವ ಎಂಜಿನ್ನಿನ ಬಲ ಕೇವಲ 440 ನ್ಯೂಟನ್, ಅಂದರೆ ನೆಲದ ಮೇಲೆ ಸುಮಾರು 45 ಕಿಲೋ ಮೂಟೆಯ ಭಾರದಷ್ಟು. ಗಂಟೆಗಟ್ಟಲೆ ಉರಿಸಿದರೂ ಒಂದೇ ಸಲಕ್ಕೆ ಕೆಲಸ ಮುಗಿಯುವುದಿಲ್ಲ. ಅದನ್ನು ಉರಿಸುವುದು ಕಕ್ಷೆಯ ತುತ್ತತುದಿಯಲ್ಲಿ. ಆಗ ಏರುವುದು ಎದುರು ತುದಿ, ಭೂಮಿಗೆ ಹತ್ತಿರದ್ದು. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ಉಪಗ್ರಹದಲ್ಲಿ ಎಂಜಿನ್ನಿಗೆ ಆಕ್ಸಿಡೈಸರ್ ಬಿಡುವ ಕವಾಟ ತೆರೆಯಲಿಲ್ಲ. ಉಪಗ್ರಹ ಗಟ್ಟಿಮುಟ್ಟಾಗಿದ್ದರೂ ಮೊಟ್ಟೆ ಕಕ್ಷೆಯಲ್ಲೇ ಉಳಿಯಿತು.

ಇಂಧನದ ಕಥೆ ಇನ್ನೂ ಹಳೆಯದು. ಹಾಸನ ಕೇಂದ್ರದ ಮೊದಲ ಉಪಗ್ರಹ ಇನ್ಸಾಟ್-1ಎ, 1982ರ ಏಪ್ರಿಲ್‌ನಲ್ಲಿ ಹಾರಿತು. ದಿಕ್ಕು ಸರಿಪಡಿಸಿಕೊಳ್ಳುವ ಇಂಧನ ಬರಿದಾಗಿ ಅದೇ ಸೆಪ್ಟೆಂಬರ್‌ನಲ್ಲಿ ಅದನ್ನು ಕೈಬಿಡಬೇಕಾಯಿತು. ಆಟದಲ್ಲಿ ಹೊಸಬರು ಪರದೆಯ ಮೂಲೆಯಲ್ಲಿರುವ ಇಂಧನದ ಪಟ್ಟಿಯನ್ನು ಕೊನೆಗೆ ನೋಡುತ್ತಾರೆ. ನಿಯಂತ್ರಣ ಕೇಂದ್ರದವರು ಮೊದಲು ನೋಡುವುದೇ ಅದನ್ನು.

ಭೂಮಿಯ ಸುತ್ತ ಸುತ್ತುವಾಗಲಂತೂ ಬೆನ್ನಟ್ಟುವ ಲೆಕ್ಕವೇ ತಲೆಕೆಳಗು. 1965ರ ಜೂನ್‌ನಲ್ಲಿ ಜೆಮಿನಿ-4 ನೌಕೆಯ ಗಗನಯಾತ್ರಿ ಜೇಮ್ಸ್ ಮ್ಯಾಕ್‌ಡಿವಿಟ್ ತಮ್ಮದೇ ರಾಕೆಟ್ಟಿನ ಖಾಲಿ ಹಂತದ ಬಳಿ ಹೋಗಲು ಅದರತ್ತ ಮೂತಿಯಿಟ್ಟು ಥ್ರಸ್ಟರ್ ಒತ್ತಿದರು. ಒತ್ತಿದಷ್ಟೂ ಅದು ದೂರ ಸರಿಯಿತು. ಇಂಧನ ಹೆಚ್ಚುಕಡಿಮೆ ಅರ್ಧ ಮುಗಿಯುತ್ತಾ ಬಂದಾಗ ಪ್ರಯತ್ನ ಬಿಟ್ಟರು. ವೇಗ ಕೂಡಿಸಿದರೆ ಕಕ್ಷೆ ಹಿಗ್ಗುತ್ತದೆ, ಹಿಗ್ಗಿದ ಕಕ್ಷೆಯಲ್ಲಿ ಒಂದು ಸುತ್ತಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ, ಹಾಗಾಗಿ ಹಿಂದೆ ಬೀಳುತ್ತೀರಿ. ಮುಂದಿರುವವನನ್ನು ಹಿಡಿಯಬೇಕೆಂದರೆ ವೇಗ ತಗ್ಗಿಸಿ ಕೆಳಗಿಳಿದು, ಒಳಸುತ್ತಿನಲ್ಲಿ ಮುನ್ನಡೆದು, ಮತ್ತೆ ಮೇಲೇರಬೇಕು. ಇಸ್ರೋದ ಸ್ಪೇಡೆಕ್ಸ್ ಜೋಡಿ ಉಪಗ್ರಹಗಳು 2025ರ ಜನವರಿ 16ರಂದು ಒಂದಾಗುವ ಮೊದಲು ಇಂಥ ಲೆಕ್ಕದಲ್ಲೇ ಹಂತಹಂತವಾಗಿ ಹತ್ತಿರವಾದವು. ಸೆಕೆಂಡಿಗೆ 7.6 ಕಿಲೋಮೀಟರ್ ಓಡುತ್ತಿದ್ದ ಅವೆರಡರ ನಡುವಿನ ವೇಗ ಕೊನೆಗೆ ಉಳಿದದ್ದು ಸೆಕೆಂಡಿಗೆ ಕೆಲವೇ ಮಿಲಿಮೀಟರುಗಳ ಮಟ್ಟದಲ್ಲಿ.

ಇನ್ನು ಗುಂಡಿನ ವಿಷಯ. ನೀವು ಹಾರಿಸಿದ ಗುಂಡಿಗೆ ನಿಮ್ಮ ನೌಕೆಯ ವೇಗವೂ ಸೇರಿರುತ್ತದೆ; ಪಕ್ಕಕ್ಕೆ ಜಾರುತ್ತಾ ಹೊಡೆದರೆ ಗುಂಡೂ ಪಕ್ಕಕ್ಕೆ ಜಾರುತ್ತದೆ. ಆದ್ದರಿಂದ ಗುರಿಯ ಮೇಲಲ್ಲ, ನಿಮ್ಮಿಬ್ಬರ ವೇಗದ ವ್ಯತ್ಯಾಸ ಲೆಕ್ಕಹಾಕಿ ಗುರಿ ಇರಲಿರುವ ಜಾಗಕ್ಕೆ ಹೊಡೆಯಬೇಕು. ಒಳ್ಳೆಯ ಆಟಗಳು ಆ ಜಾಗಕ್ಕೊಂದು ಚುಕ್ಕೆ ಇಟ್ಟು ತೋರಿಸುತ್ತವೆ. ಸ್ಫೋಟದ ಸದ್ದು ಮಾತ್ರ ಶುದ್ಧ ಸುಳ್ಳು, ಆದರೆ ಅದಿಲ್ಲದ ಆಟ ನನಗೂ ಸಪ್ಪೆಯೇ. ನಿಜವಾದ ಕಕ್ಷೆಯಲ್ಲಿ ಸಿಡಿಮದ್ದೇ ಬೇಕಿಲ್ಲ. 2019ರ ಮಾರ್ಚ್ 27ರಂದು ‘ಮಿಷನ್ ಶಕ್ತಿ’ಯಲ್ಲಿ ಭಾರತ ಸುಮಾರು 300 ಕಿಲೋಮೀಟರ್ ಎತ್ತರದಲ್ಲಿದ್ದ ತನ್ನದೇ ಉಪಗ್ರಹವನ್ನು ಒಡೆದದ್ದು ಬರೀ ಡಿಕ್ಕಿಯ ಬಲದಿಂದ.

ಶುರುಮಾಡುವವರಿಗೆ ದುಬಾರಿ ಜಾಯ್‌ಸ್ಟಿಕ್ ಬೇಕಾಗಿಲ್ಲ. ಮಾರ್ಟಿನ್ ಶ್ವೈಗರ್ 2000ದಲ್ಲಿ ಹೊರತಂದ ‘ಆರ್ಬಿಟರ್’ ಎಂಬ ಬಾಹ್ಯಾಕಾಶ ಹಾರಾಟದ ತಂತ್ರಾಂಶ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದರಲ್ಲಿ ಕಾಳಗವಿಲ್ಲ, ಅದೇ ಒಳ್ಳೆಯದು. ಮೊದಲು ನಿಲ್ಲಲು ಕಲಿಯಿರಿ: ಸಾಗುತ್ತಿರುವ ದಿಕ್ಕಿಗೆ ಬೆನ್ನು ಹಾಕಿ, ಎಷ್ಟು ಹೊತ್ತು ಉರಿಸಿದ್ದಿರೋ ಹೆಚ್ಚುಕಡಿಮೆ ಅಷ್ಟೇ ಹೊತ್ತು ಅಷ್ಟೇ ಬಲದಿಂದ ಉರಿಸಿ. ಆಮೇಲೆ ಬಾಹ್ಯಾಕಾಶ ನಿಲ್ದಾಣವೊಂದಕ್ಕೆ ಜೋಡಿಸಿ. ಸ್ಪೇಡೆಕ್ಸಿನಷ್ಟು ನಿಧಾನ ಬೇಡ, ಸೆಕೆಂಡಿಗೆ ಹತ್ತಿಪ್ಪತ್ತು ಸೆಂಟಿಮೀಟರ್ ಸಾಕು. ಅದು ಕೈಗೂಡಿದ ಮೇಲೆ ‘ಎಲೀಟ್’ನಂಥ ಆಟಕ್ಕೆ ಬಂದು, ಒಂದು ಬಂಡೆಯ ಕಡೆ ಮೂತಿಯಿಟ್ಟು, ಫ್ಲೈಟ್ ಅಸಿಸ್ಟ್ ತೆಗೆದು, ಪಕ್ಕದ ಥ್ರಸ್ಟರ್‌ಗಳಿಂದಲೇ ಅದನ್ನು ಒಂದು ಸುತ್ತು ಹಾಕಿ ನೋಡಿ. ಬಂಡೆ ತಿರುಗಿ ಹೊಡೆಯುವುದಿಲ್ಲ.