ಹುಡುಗನ ವಯಸ್ಸು ಯಾವ ಕಾಗದದಲ್ಲಿದೆ?

ಹಿಮಾಯತ್‌ನಗರದ ಗಲ್ಲಿಯೊಂದರಲ್ಲಿ ಬೈಕ್ ಕದ್ದ ಅಂತ ನಿಮ್ಮ ಪಕ್ಕದ ಮನೆಯ ಹುಡುಗನನ್ನು ರಾತ್ರಿ ಪೊಲೀಸರು ಎತ್ತಿಕೊಂಡು ಹೋದರು ಅಂದುಕೊಳ್ಳಿ. ತಂದೆ ಮೊದಲು ಓಡುವುದು ಪರಿಚಯದ ಲೀಡರ್ ಹತ್ತಿರ. ಓಡಬೇಕಾದದ್ದು ಹುಡುಗ ಓದಿದ ಶಾಲೆಗೆ. ಮುಂದಿನದೆಲ್ಲ ನಿಂತಿರುವುದು ಅವನ ಜನ್ಮದಿನಾಂಕದ ಮೇಲೆ.

2015ರ ಬಾಲನ್ಯಾಯ ಕಾಯ್ದೆ ನೋಡುವುದು ಘಟನೆ ನಡೆದ ದಿನದ ವಯಸ್ಸನ್ನು. ಆ ದಿನ 18 ತುಂಬಿರದಿದ್ದರೆ ಲಾಕಪ್ಪಿಗೆ ಹಾಕುವಂತಿಲ್ಲ, ಬೇಡಿ ತೊಡಿಸುವಂತಿಲ್ಲ, ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಿಸಬೇಕು. ಅಲ್ಲಿರುವುದು ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಜಾಮೀನು ಕೊಡುವುದೇ ನಿಯಮ. ಕೊಡದಿದ್ದರೂ ಜೈಲಿಗಲ್ಲ, ಸೈದಾಬಾದಿನಲ್ಲಿರುವಂಥ ವೀಕ್ಷಣಾಲಯಕ್ಕೆ. ಕಳ್ಳತನ ಸಾಬೀತಾದರೂ ವಿಶೇಷ ಗೃಹದಲ್ಲಿ ಹೆಚ್ಚೆಂದರೆ 3 ವರ್ಷ. ವಕೀಲರ ಫೀಸಿನ ಚಿಂತೆ ಬೇಡ, ಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವಿದೆ.

16 ದಾಟಿದವನ ಮೇಲೆ ಕನಿಷ್ಠ 7 ವರ್ಷ ಶಿಕ್ಷೆಯ ಘೋರ ಅಪರಾಧದ ಆರೋಪ ಬಂದರೆ ಮಾತು ಬೇರೆ. ಹುಡುಗನಿಗೆ ಅದರ ಪರಿಣಾಮ ತಿಳಿಯುವಷ್ಟು ಬುದ್ಧಿ ಇತ್ತೇ ಎಂದು ಮಂಡಳಿ ಅಳೆಯುತ್ತದೆ. 2022ರ ಮೇ ತಿಂಗಳ ಜುಬಿಲಿ ಹಿಲ್ಸ್ ಅತ್ಯಾಚಾರ ಪ್ರಕರಣ ನಿಮಗೆ ನೆನಪಿರಬಹುದು. ಆರು ಮಂದಿಯಲ್ಲಿ ಐವರು ಅಪ್ರಾಪ್ತರು. ನಾಲ್ವರನ್ನು ವಯಸ್ಕರಂತೆ ವಿಚಾರಿಸಬೇಕೆಂದಿತು ಮಂಡಳಿ. ಮರುವರ್ಷ ಒಬ್ಬನ ಮಟ್ಟಿಗೆ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಆ ಹುಡುಗಿಯ ನೋವನ್ನು ಮರೆತು ಇದನ್ನು ಬರೆಯುತ್ತಿಲ್ಲ. ಆದರೆ ಒಂದೆರಡು ಭೇಟಿಯಲ್ಲಿ ಹದಿನಾರರ ಹುಡುಗನ ಮನಸ್ಸನ್ನು ಅಳೆಯುವುದು ಸುಲಭವಲ್ಲ. ಮಂಡಳಿಯಲ್ಲಿ ಮನಶ್ಶಾಸ್ತ್ರ ಬಲ್ಲವರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಅಂತ ಸುಪ್ರೀಂ ಕೋರ್ಟ್ ಅದೇ 2022ರಲ್ಲಿ ಹೇಳಿತು.

ಇನ್ನು ಕಾಗದದ ಮಾತು. ವಯಸ್ಸಿನಲ್ಲಿ ಅನುಮಾನ ಬಂದರೆ ಮೊದಲು ಶಾಲೆಯ ಅಥವಾ ಹತ್ತನೇ ತರಗತಿಯ ಪ್ರಮಾಣಪತ್ರ, ಅದಿಲ್ಲದಿದ್ದರೆ ಮುನಿಸಿಪಾಲಿಟಿಯ ಜನನ ಪತ್ರ. ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆಯಂಥ ವೈದ್ಯಕೀಯ ಪರೀಕ್ಷೆ. ಆಧಾರ್ ಆ ಪಟ್ಟಿಯಲ್ಲೇ ಇಲ್ಲ. ನಮ್ಮಲ್ಲಿ ಏನಾಗುತ್ತದೆ ಹೇಳಿ? ಬೇಗ ಶಾಲೆಗೆ ಸೇರಿಸಲು ಒಂದು ವರ್ಷ ಏರಿಸಿ ಬರೆಸುತ್ತೇವೆ, ದಿನಾಂಕ ಗೊತ್ತಿಲ್ಲದಿದ್ದರೆ ಮೇಷ್ಟ್ರು ಜೂನ್ 1 ಅಂತ ಹಾಕಿಬಿಡುತ್ತಾರೆ. ಹಾಗೆ ಏರಿಸಿದ ಆ ಒಂದು ವರ್ಷವೇ ಹದಿನೇಳರ ಹುಡುಗನನ್ನು ದೊಡ್ಡವರ ಜೈಲಿಗೆ ಕಳಿಸಬಲ್ಲದು. ಗ್ಯಾರೇಜು, ಹೋಟೆಲು ಅಂತ ದುಡಿಯುವ ಹುಡುಗರ ಬಳಿ ಎಷ್ಟೋ ಸಲ ಯಾವ ಕಾಗದವೂ ಇರುವುದಿಲ್ಲ.

ಮಗ ಈಗಾಗಲೇ ಜೈಲಿನಲ್ಲಿದ್ದರೂ ಶಾಲೆಯ ಪತ್ರ ಹುಡುಕಿ ತನ್ನಿ. ಆಗ ಅವನು ಚಿಕ್ಕವನಿದ್ದ ಎಂಬ ವಾದವನ್ನು ಯಾವ ಕೋರ್ಟಿನಲ್ಲಾದರೂ, ಯಾವ ಹಂತದಲ್ಲಾದರೂ, ಅಂತಿಮ ತೀರ್ಪು ಬಂದ ಮೇಲೂ ಎತ್ತಬಹುದು.