ನೆಲ ಹೊಳೆಯಬೇಕೋ, ಕಾಲು ನಿಲ್ಲಬೇಕೋ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಇರುವ ಮನೆಯಲ್ಲೇ ಗೋಡೆ ಕೆತ್ತಿಸಿ, ನೆಲ ಅಗೆಸಿ, ಮತ್ತೆ ಸರಿಮಾಡಿಸುವ ಪಾಡು ಅವರ ಪಟ್ಟಿಯಲ್ಲಿ ಇರಲಿಲ್ಲ. ಹೊಸ ಫ್ಲ್ಯಾಟ್ ಕೊಂಡರೆ ಬಿಲ್ಡರ್ ಹಾಕಿದ್ದೇ ಟೈಲ್ಸ್, ಬಿಲ್ಡರ್ ಕೂಡಿಸಿದ್ದೇ ನಲ್ಲಿ. ಹಿಡಿಸದಿದ್ದರೆ ಬೈಯಲು ಒಬ್ಬ ಇರುತ್ತಾನೆ. ನವೀಕರಣದಲ್ಲಿ ಹಾಗಲ್ಲ. ಕದದ ಹಿಡಿಕೆಯಿಂದ ಹಿಡಿದು ಬಚ್ಚಲಿನ ಜಾಲರಿಯವರೆಗೆ ಎಲ್ಲವನ್ನೂ ನಾವೇ ಆರಿಸಬೇಕು. ಹಗಲು ಅಂಗಡಿಯಲ್ಲಿ ‘ಇದೇ ಇರಲಿ’ ಎಂದು ಬಂದದ್ದು ರಾತ್ರಿ ಹನ್ನೊಂದಕ್ಕೆ ‘ಅದು ಇದ್ದರೆ ಚೆನ್ನಾಗಿತ್ತೇನೋ’ ಎಂದು ಕಾಡತೊಡಗುತ್ತದೆ.

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮದು 1980ರ ದಶಕದ ಕಟ್ಟಡದ ಮೂರನೇ ಮಹಡಿಯ ಮನೆ. ಎರಡು ಬೆಡ್‌ರೂಮು, ಒಂದು ಗ್ಯಾಲರಿ. ಕಲಬುರಗಿಯಲ್ಲಿ ಒಬ್ಬಳೇ ಇರುವ ಅವ್ವನನ್ನು ಇಲ್ಲಿಗೇ ಕರೆತರುವುದೆಂದು ತೀರ್ಮಾನವಾದ ಮೇಲೆ ಕೆಲಸ ಹಚ್ಚಿದೆವು. ಅವಳಿಗೆ ಎಪ್ಪತ್ತನಾಲ್ಕು, ಎಡ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿದೆ. ನಮ್ಮ ಬಜೆಟ್ ಒಂಬತ್ತು ಲಕ್ಷ. ಬಣ್ಣ, ಟೈಲ್ಸ್, ಕಟ್ಟಿಗೆ ಕುರಿತ ಪ್ರತಿ ಅನುಮಾನದ ಹಿಂದೆ ಒಂದೇ ಪ್ರಶ್ನೆ ನಿಂತಿತ್ತು: ಈ ಮನೆ ಅವಳಿಗೆ ಒಗ್ಗುತ್ತದೆಯೇ?

ಇನ್ನೊಂದು ಪ್ರಶ್ನೆ ಊರಿನಿಂದ ಫೋನಿನಲ್ಲಿ ಬರುತ್ತಿತ್ತು. ‘ಅಷ್ಟು ರೊಕ್ಕ ಅಲ್ಲಿ ಯಾಕ್ ಹಾಕ್ತೀರಿ? ಊರಾಗ ಮನಿ ಅದಾ ಅಲ್ಲ?’ ಹೊರನಾಡಿನಲ್ಲಿರುವ ಪ್ರತಿಯೊಬ್ಬರೂ ಈ ಮಾತು ಕೇಳಿಯೇ ಇರುತ್ತೀರಿ. ಇದಕ್ಕೆ ಪುಣೆಯ ಹಳೆಯ ಸೊಸೈಟಿಗಳ ತಲೆನೋವೂ ಸೇರಿತು. ಕಟ್ಟಡವನ್ನೇ ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟ್ ಮಾತು ನಮ್ಮ ಸೊಸೈಟಿಯ ಸಭೆಗಳಲ್ಲಿ ಬರುತ್ತದೆ, ಹೋಗುತ್ತದೆ. ನಾಳೆ ಕೆಡವುವುದಾದರೆ ಇಂದು ಖರ್ಚು ಮಾಡುವುದೇಕೆ? ಆದರೆ ಅವ್ವನ ಮೊಣಕಾಲು ಸೊಸೈಟಿಯ ಠರಾವಿಗಾಗಿ ಕಾಯುವುದಿಲ್ಲ. ಕೊನೆಗೆ ನಾನೂ ಹೆಂಡತಿಯೂ ಒಂದು ಗೆರೆ ಹಾಕಿಕೊಂಡೆವು: ಸುರಕ್ಷೆಗೆ ಬೇಕಾದದ್ದನ್ನು ಪೂರ್ತಿ ಮಾಡುವುದು, ಅಂದಕ್ಕೆ ಬೇಕಾದದ್ದನ್ನು ಆದಷ್ಟು ಬಿಚ್ಚಿ ಒಯ್ಯುವಂತೆ ಮಾಡುವುದು. ಗೋಡೆಗೆ ಕೂಡಿಸುವ ದೊಡ್ಡ ಟಿವಿ ಯೂನಿಟ್, ಫಾಲ್ಸ್ ಸೀಲಿಂಗ್ ಅಲ್ಲಿಗೇ ಬಿಟ್ಟುಹೋದವು.

ಅಂಗಡಿಯ ಬೆಳಕು, ಮನೆಯ ಬೆಳಕು

ಮೊದಲ ಗೊಂದಲ ನೆಲದ್ದು. ಹಾಲ್‌ಗೆ ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಎಲ್ಲರಿಗೂ ಹಿಡಿಸಿದ್ದವು. ಮೂರು ತುಂಡು ಸ್ಯಾಂಪಲ್ ತಂದು ಹಾಲ್‌ನಲ್ಲೇ ಹತ್ತು ದಿನ ಇಟ್ಟೆವು. ಅಂಗಡಿಯ ಬಿಳಿ ದೀಪಗಳ ಕೆಳಗೆ ಕೆನೆಬಣ್ಣವಾಗಿದ್ದದ್ದು ನಮ್ಮ ಮನೆಯ ಹಳದಿ ಬೆಳಕಿನಲ್ಲಿ ಮಾಸಲಾಗಿ ಕಂಡಿತು. ಅಂಗಡಿಗಳಲ್ಲಿ ಸಾಮಾನ್ಯವಾಗಿ 6500 ಕೆಲ್ವಿನ್‌ನ ತಂಪು ಬಿಳಿ ಬೆಳಕು ಇರುತ್ತದೆ, ಮನೆಯ ಬೆಚ್ಚನೆಯ ದೀಪ 2700ರಿಂದ 3000 ಕೆಲ್ವಿನ್. ಬಣ್ಣದ ಬಗ್ಗೆ ಅನುಮಾನ ಬಂದರೆ ಮೊದಲು ಬಲ್ಬ್ ಯಾವುದೆಂದು ನೋಡುವುದು ಒಳ್ಳೆಯದು.

ದೀಪಾವಳಿಗೆ ಬಂದಿದ್ದ ಅವ್ವ ಆ ಸ್ಯಾಂಪಲ್ ಮೇಲೆ ಒಂದು ಚೆಂಬು ನೀರು ಸುರಿದಳು. ಕಾಲಿನ ಹೆಬ್ಬೆರಳಿನಿಂದ ಒತ್ತಿ ನೋಡಿ, ‘ಹೊಸಾದು ಎಷ್ಟರ ಹಾಕ್ಸಪಾ, ಕಾಲು ಜಾರಬಾರ್ದು ನೋಡು’ ಅಂದಳು.

ಅಂಗಡಿಯವರು ಇಂಥ ಪ್ರಶ್ನೆಗೆ ‘ಆ್ಯಂಟಿ ಸ್ಕಿಡ್ ಇದೆ’ ಎಂದು ಮುಗಿಸಿಬಿಡುತ್ತಾರೆ. ಕೇಳಬೇಕಾದದ್ದು ದರ್ಜೆ. ಟೈಲ್ಸ್ ವಿವರಪಟ್ಟಿಯಲ್ಲಿ ಆರ್9, ಆರ್10, ಆರ್11 ಎಂದು ಬರೆದಿರುತ್ತದೆ. ಅಂಕಿ ಹೆಚ್ಚಿದಷ್ಟೂ ಜಾರುವುದು ಕಡಿಮೆ. ಇದು ಜರ್ಮನಿಯ ಪರೀಕ್ಷಾ ಕ್ರಮ: ಎಣ್ಣೆ ಸವರಿದ ಇಳಿಜಾರಿನ ಮೇಲೆ ಬೂಟು ತೊಟ್ಟವನನ್ನು ನಡೆಸಿ, ಎಷ್ಟು ಓರೆಯಲ್ಲಿ ಕಾಲು ಜಾರುತ್ತದೆಂದು ಅಳೆಯುತ್ತಾರೆ. ನಾವು ಬಚ್ಚಲಿಗೆ ಬೂಟು ಹಾಕಿಕೊಂಡು ಹೋಗುವುದಿಲ್ಲ. ಬರಿಗಾಲು, ಸಾಬೂನಿನ ನೀರಿಗೆಂದೇ ಎ, ಬಿ, ಸಿ ಎಂಬ ಬೇರೆ ದರ್ಜೆ ಇದೆ, ಅದರಲ್ಲಿ ಸಿ ಹೆಚ್ಚು ಹಿಡಿತದ್ದು. ಎರಡೂ ದರ್ಜೆ ನಮೂದಿಸಿದ ಟೈಲ್ಸ್ ಹುಡುಕಲು ನಾಲ್ಕು ಅಂಗಡಿ ಸುತ್ತಬೇಕಾಯಿತು. ಬಚ್ಚಲಿಗೆ ಆರ್11, ಬಿ ದರ್ಜೆಯದು ಬಂತು. ಒರಟಾದಷ್ಟೂ ಕೊಳೆ ಕೂರುತ್ತದೆ, ತಿಕ್ಕಬೇಕಾಗುತ್ತದೆ. ಇದು ಗೊತ್ತಿದ್ದೇ ಆರಿಸಿದ್ದು. ಹಾಲ್‌ಗೆ ಹೊಳಪಿಲ್ಲದ ಮ್ಯಾಟ್ ಟೈಲ್ಸ್ ಹಾಕಿಸಿದೆವು.

ಊರಿನ ಕಲ್ಲು

ಗ್ಯಾಲರಿಯಲ್ಲಿ ಹಳೆಯ ಶಹಾಬಾದ್ ಫರಸಿ ಇತ್ತು. ಕಂಟ್ರಾಕ್ಟರ್ ನೋಡಿದವನೇ, ‘ಸರ್, ಹೀ ಜುನೀ ಫರಶೀ ಕೋಣ್ ಠೇವತೋ ಆತಾ?’ ಎಂದ. ಈ ಹಳೇ ಕಲ್ಲು ಈಗ ಯಾರು ಇಟ್ಟುಕೊಳ್ಳುತ್ತಾರೆ ಎಂದು. ಕಿತ್ತು ಟೈಲ್ಸ್ ಹಾಕುವ ಅಂದಾಜು ಪಟ್ಟಿಯೂ ಸಿದ್ಧವಾಗಿತ್ತು.

ಶಹಾಬಾದ್ ನಮ್ಮ ಕಲಬುರಗಿ ಜಿಲ್ಲೆಯ ಊರು. ಭೀಮಾ ಸೀಮೆಯ ಆ ಸುಣ್ಣಕಲ್ಲು ಪದರ ಪದರವಾಗಿ ಏಳುತ್ತದೆ, ಹಾಗಾಗಿ ನೆಲಹಾಸಿಗೆ ಹೇಳಿ ಮಾಡಿಸಿದಂತಿದೆ. ಗಡಿಯಾಚೆ ತೆಲಂಗಾಣದ ತಾಂಡೂರಿನದೂ ಇದೇ ಬಳಗದ ಕಲ್ಲು. ವಾಡಿ, ಮಳಖೇಡ, ಸೇಡಂ ಭಾಗದಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಈ ಸುಣ್ಣಕಲ್ಲಿನಿಂದಲೇ. ಮುಂಬೈ–ಚೆನ್ನೈ ರೈಲು ಹಾದಿಯಲ್ಲಿರುವ ಶಹಾಬಾದಿನ ಹೆಸರು ಮಹಾರಾಷ್ಟ್ರದ ಹಳೆಯ ಅಡುಗೆಮನೆ, ಅಂಗಳಗಳಲ್ಲೆಲ್ಲ ‘ಶಹಾಬಾದಿ ಫರಶಿ’ ಎಂದು ಉಳಿದುಕೊಂಡಿದೆ.

ಆದರೆ ಊರಿನ ಕಲ್ಲು ಎಂಬ ಮಮತೆಯೊಂದೇ ಸಾಲದು. ಸುಣ್ಣಕಲ್ಲಿಗೆ ಹುಳಿ ಆಗದು. ನಿಂಬೆರಸ, ಹುಣಸೆನೀರು, ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬಿದ್ದರೆ ಮೇಲ್ಮೈ ತಿಂದುಹೋಗಿ ಕಲೆ ನಿಲ್ಲುತ್ತದೆ. ಹಾಗಾಗಿ ಅಡುಗೆಮನೆಗೂ ಬಚ್ಚಲಿಗೂ ಅದು ಬೇಡವೆನಿಸಿತು. ಗ್ಯಾಲರಿಯಲ್ಲಿ ಅಂಥ ಭಯವಿಲ್ಲ. ಕಲ್ಲು ಬಡಿದು ನೋಡಿದರೆ ಎಲ್ಲೂ ಟೊಳ್ಳು ಸದ್ದಿಲ್ಲ. ಸಂದುಗಳನ್ನು ಕೆರೆಸಿ ಹೊಸದಾಗಿ ತುಂಬಿಸಿ, ನೆಲ ತೊಳೆಸಿದೆವು. ಉಳಿದ ಹಣ ಬಚ್ಚಲಿನ ಬಾಗಿಲು ಅಗಲ ಮಾಡಲು ಹೋಯಿತು. ಹಳೆಯದು ಎರಡಡಿ ಬಾಗಿಲು. ವಾಕರ್ ಹಿಡಿದು ಒಳಗೆ ಹೋಗುವುದು ಕಷ್ಟ. ಅದು ಭಾರ ಹೊರುವ ಗೋಡೆಯಲ್ಲ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಟ್ಟ ಮೇಲೆಯೇ ಸೊಸೈಟಿ ಒಪ್ಪಿಗೆ ಕೊಟ್ಟಿತು.

ಸಂದು ತುಂಬಲು ಬಂದ ಗೌಂಡಿ ಯಾದಗಿರಿ ಕಡೆಯವನು. ಮರಾಠಿಯಲ್ಲೇ ಮಾತು ನಡೆದಿತ್ತು. ನಾನು ಫೋನಿನಲ್ಲಿ ಅವ್ವನ ಜೊತೆ ಮಾತಾಡಿದ್ದು ಕೇಳಿ, ‘ನಮ್ ಕಡಿಯವ್ರೇ ಏನ್ರೀ?’ ಎಂದ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ ಬಂದವರು ಎಷ್ಟೋ ಜನ. ಹೊರನಾಡ ಕನ್ನಡಿಗರು ಎಂದಾಗ ನಮ್ಮ ಕಣ್ಣಿಗೆ ಕಚೇರಿಯವರೇ ಬರುತ್ತಾರೆ, ನಾವಿರುವ ಗೋಡೆ ಕಟ್ಟಿದವರು ಬರುವುದಿಲ್ಲ.

ರೊಟ್ಟಿ ಬಡಿಯುವ ಕಟ್ಟೆ

ಅಡುಗೆಮನೆಯಲ್ಲಿ ಪೈಪೋಟಿ ಇದ್ದದ್ದು ಬಿಳಿ ಕ್ವಾರ್ಟ್ಜ್‌ಗೂ ಕಪ್ಪು ಗ್ರಾನೈಟಿಗೂ. ಹೆಂಡತಿಗೆ ಬಿಳಿ ಬೇಕಿತ್ತು. ಕ್ವಾರ್ಟ್ಜ್ ಎಂದು ಮಾರುವುದು ಗಣಿಯಿಂದ ಕೊಯ್ದ ಚಪ್ಪಡಿಯಲ್ಲ. ಸ್ಫಟಿಕದ ಪುಡಿಯನ್ನು ರಾಳದಲ್ಲಿ ಕಲಸಿ, ಒತ್ತಿ ಮಾಡಿದ್ದು. ಕಲೆ ಹೀರುವುದು ಕಡಿಮೆ, ಆದರೆ ಬೆಂಕಿಯಿಂದ ಇಳಿಸಿದ ಹಂಚನ್ನು ನೇರ ಇಟ್ಟರೆ ರಾಳ ಸುಟ್ಟು ಗುರುತಾಗಬಹುದು. ಜೋಳದ ರೊಟ್ಟಿ ಮಾಡುವ ಮನೆಯಲ್ಲಿ ಹಂಚು ಎಲ್ಲಿ ಇಳಿಯುತ್ತದೆಂದು ಯಾರೂ ಕಾಯುತ್ತಾ ಕೂರುವುದಿಲ್ಲ. ಗ್ರಾನೈಟಿಗೆ ಆ ಚಿಂತೆ ಕಡಿಮೆ. ಇನ್ನೊಂದು ಸಂಗತಿಯೂ ತೂಕಕ್ಕೆ ಬಂತು. ಈ ಕೃತಕ ಕಲ್ಲು ಕೊಯ್ಯುವಾಗ ಏಳುವ ಸಿಲಿಕಾ ದೂಳಿನಿಂದ ಕಾರ್ಮಿಕರಿಗೆ ಶ್ವಾಸಕೋಶದ ಸಿಲಿಕೋಸಿಸ್ ಬರುತ್ತದೆಂದು ಆಸ್ಟ್ರೇಲಿಯ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿದೆ. ಗ್ರಾನೈಟಿನಲ್ಲೂ ಸಿಲಿಕಾ ಇದೆ, ಪ್ರಮಾಣ ಕಡಿಮೆ. ಕೊಯ್ಯುವಾಗ ನೀರು ಬಿಡಬೇಕು, ಮೂಗಿಗೆ ಮಾಸ್ಕ್ ಇರಬೇಕು ಎಂದು ಒಪ್ಪಂದದಲ್ಲೇ ಬರೆಸಿದೆವು. ಬಿಳಿಯ ಆಸೆ ಗೋಡೆಯ ಟೈಲ್ಸಿನಲ್ಲಿ ಈಡೇರಿತು.

ಕಲ್ಲಿಗಿಂತ ಮುಖ್ಯವಾದದ್ದು ಎತ್ತರ. ಕಂಟ್ರಾಕ್ಟರ್ ಲೆಕ್ಕದಲ್ಲಿ ಕಟ್ಟೆ 34 ಇಂಚು. ಅವ್ವ 30 ಇಂಚಿನ ಊಟದ ಮೇಜಿನ ಮೇಲೆ ಎರಡು ರೊಟ್ಟಿ ಬಡಿದು ತೋರಿಸಿದಳು: ಭುಜ ಎತ್ತದೆ ಕೈ ಬೀಳಬೇಕು. ಕಟ್ಟೆಯ ಕೊನೆಯ ಎರಡೂವರೆ ಅಡಿಯನ್ನು ಅದೇ ಎತ್ತರಕ್ಕೆ ಇಳಿಸಿ, ಕೆಳಗೆ ಸ್ಟೂಲು ಹೋಗುವಷ್ಟು ಜಾಗ ಬಿಡಿಸಿದೆವು.

ಕಾಣದಿರುವುದರ ಮೇಲೆ ಅನುಮಾನ

ಮೂರು ತಿಂಗಳಲ್ಲಿ ಗಮನಿಸಿದ್ದು ಇದು: ನಮ್ಮ ಅನುಮಾನವೆಲ್ಲ ಕಣ್ಣಿಗೆ ಕಾಣುವುದರ ಮೇಲೆ. ಬಣ್ಣ ಹಿಡಿಸದಿದ್ದರೆ ಎರಡು ದಿನದಲ್ಲಿ ಬದಲಿಸಬಹುದು. ಗೋಡೆಯೊಳಗಿನ ಪೈಪು ಸೋರಿದರೆ ಮತ್ತೆ ಒಡೆಯಬೇಕು, ಕೆಳಗಿನ ಮನೆಯವರ ಛಾವಣಿಯೂ ಹಾಳು. ಅದಕ್ಕೇ ನಿದ್ದೆಗೆಡುವ ಹಕ್ಕನ್ನು ಅಂಥವಕ್ಕೆ ಮೀಸಲಿಟ್ಟೆವು.

ಪ್ಲೈವುಡ್ ವಿಷಯ ನೋಡಿ. ‘ಎಲ್ಲಾ ಮರೀನ್ ಇದೆ ಸರ್’ ಎಂಬುದು ಎಲ್ಲ ಕಡೆ ಕೇಳುವ ಮಾತು. ಹಾಳೆಯ ಮೇಲಿನ ಮುದ್ರೆ ಓದಬೇಕು. ಐಎಸ್ 710 ಎಂದಿದ್ದರೆ ಮರೀನ್ ದರ್ಜೆ, ಐಎಸ್ 303 ಸಾಮಾನ್ಯ ಬಳಕೆಯದು. ಐಎಸ್‌ಐ ಗುರುತಿನ ಜೊತೆ ಇರುವ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಎಂದು ಗೊತ್ತಾಗುತ್ತದೆ. ಎಲ್ಲ ಕಡೆಗೂ ದುಬಾರಿಯದೇ ಬೇಕಿಲ್ಲ. ಸಿಂಕ್ ಕೆಳಗೆ, ಬಚ್ಚಲ ಪಕ್ಕ 710. ಒಣಗಿರುವ ಬೆಡ್‌ರೂಮಿನ ಕಪಾಟಿಗೆ 303 ಸಾಕಾಯಿತು.

ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಆದ ಮೇಲೆ ಟೈಲ್ಸ್ ಹಾಕುವ ಮುಂಚೆ ನೀರು ಕಟ್ಟಿ ನಿಲ್ಲಿಸಿ ನೋಡಬೇಕು. ನಾವು 48 ಗಂಟೆ ನಿಲ್ಲಿಸಿದೆವು. ಕೆಳಮನೆಯ ಕಾಕು ದಿನಕ್ಕೆರಡು ಬಾರಿ ತಮ್ಮ ಛಾವಣಿ ನೋಡಿ ಫೋನ್ ಮಾಡುತ್ತಿದ್ದರು. ವಿಟ್ರಿಫೈಡ್ ಟೈಲ್ಸ್ ಶೇ 0.5ಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ, ಹಾಗಾಗಿ ಬರಿ ಸಿಮೆಂಟ್ ಹಾಲು ಅದನ್ನು ಸರಿಯಾಗಿ ಹಿಡಿಯದು. ಟೈಲ್ ಅಂಟು ಬಳಸುವಂತೆ ನಿಂತು ನೋಡಿಕೊಂಡೆ. ಗೋಡೆ ಮುಚ್ಚುವ ಮೊದಲು ಪೈಪು, ವೈರಿನ ಹಾದಿಗೆ ಟೇಪು ಹಿಡಿದು ಫೋಟೊ ತೆಗೆದಿಟ್ಟೆ. ಒಂದು ಪೆಟ್ಟಿಗೆ ಟೈಲ್ಸ್ ಹೆಚ್ಚಿಗೆ ತೆಗೆದಿಟ್ಟದ್ದೂ ಇದೇ ಕಾರಣಕ್ಕೆ. ಮುಂದೆ ಅದೇ ಬ್ಯಾಚಿನ ಬಣ್ಣ ಸಿಗುವ ಭರವಸೆ ಇರುವುದಿಲ್ಲ.

ಕೆಲಸ ಇನ್ನೂ ಒಂದು ವಾರ ಬಾಕಿ. ಹಾಲ್‌ನ ಗೋಡೆಯ ಬಣ್ಣದ ಬಗ್ಗೆ ಮನೆಯಲ್ಲಿ ಇಂದಿಗೂ ಎರಡು ಪಕ್ಷಗಳಿವೆ, ಇರಲಿ. ಅವ್ವನಿಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಕೆಳಬರ್ತಿನ ಟಿಕೆಟ್ ಸಿಕ್ಕಿದೆ. ಬಚ್ಚಲಿನ ಹಿಡಿಕೆಗಳನ್ನು ಮಾತ್ರ ಇನ್ನೂ ಕೂಡಿಸಿಲ್ಲ. ಅವುಗಳ ಎತ್ತರ ಎಷ್ಟಿರಬೇಕೆಂದು ಕಂಟ್ರಾಕ್ಟರ್ ಎರಡು ಸಲ ಕೇಳಿದ. ಅವಳು ಬಂದ ಮೇಲೆ ಕೂತು ಏಳುವಾಗ ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಪೈಪಿನ ಫೋಟೊ ನೋಡಿಕೊಂಡು ಡ್ರಿಲ್ ಹೊಡೆಸುತ್ತೇವೆ ಎಂದು ಹೇಳಿದ್ದೇನೆ.