ಕಿವಿ ಮಿಷನ್ನಿಗೆ ಚೀಟಿ ಬೇಕಿಲ್ಲ, ಪರೀಕ್ಷೆ ಬೇಕು

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಕಿವಿಯೂ ಕಸುಬಿನ ಒಂದು ಸಾಧನವೇ ಆಗಿದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂಡಿಟ್ಟ ಕಾಯಿಯಲ್ಲಿ ನೀರು ಪೂರ್ತಿ ಇಂಗಿ, ಕೊಬ್ಬರಿಯು ಚಿಪ್ಪಿನಿಂದ ಬಿಟ್ಟುಕೊಂಡಿದೆಯೇ ಎಂಬುದನ್ನು ರೈತರು ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ತಿಳಿಯುತ್ತಾರೆ; ನೀರಿನ ಕುಲುಕಾಟ ನಿಂತು ಒಳಗಿನ ಗಿಟುಕು ಚಿಪ್ಪಿಗೆ ತಾಗುವ ಸದ್ದು ಕೇಳಿದ ಮೇಲೆಯೇ ಕಾಯಿ ಸುಲಿಯುವ ಕೆಲಸ ಶುರುವಾಗುತ್ತದೆ. ಇಷ್ಟು ಪಳಗಿದ ಕಿವಿಯೂ ವಯಸ್ಸಾದಂತೆ ಮಂದವಾಗುವುದು ಸಹಜವೇ ಆದರೂ, ಕಣ್ಣು ಮಂಜಾದ ಕೂಡಲೇ ಕನ್ನಡಕ ಮಾಡಿಸಿಕೊಳ್ಳುವ ಹಿರಿಯರು ಕಿವಿಯ ವಿಷಯದಲ್ಲಿ ವರ್ಷಗಟ್ಟಲೆ ಸುಮ್ಮನಿದ್ದುಬಿಡುತ್ತಾರೆ. ನಾಚಿಕೆ, ಬೆಲೆಯ ಭಯ, ಎಲ್ಲಿಗೆ ಹೋಗಬೇಕೆಂಬುದು ತಿಳಿಯದಿರುವುದು, ಈ ಮೂರೂ ಸೇರಿ ಅವರನ್ನು ಮನೆಯ ಮಾತುಕತೆಯಿಂದಲೇ ದೂರ ಸರಿಸುತ್ತವೆ.

ಈ ಮೌನವನ್ನು ಈಗ ಮೊಬೈಲ್ ಫೋನಿನ ಜಾಹೀರಾತುಗಳು ಮುರಿಯುತ್ತಿವೆ. ವೈದ್ಯರ ಚೀಟಿ ಬೇಡ, ಪರೀಕ್ಷೆ ಬೇಡ, ಹಣ ಕಟ್ಟಿದರೆ ಮನೆ ಬಾಗಿಲಿಗೇ ಕಿವಿ ಮಿಷನ್ ಬರುತ್ತದೆ ಎಂದು ಅವು ಹೇಳುತ್ತವೆ. ಕಲ್ಲೇಶ್ವರ ದೇವಾಲಯಕ್ಕೆ ಹೆಸರಾದ ಅರಳಗುಪ್ಪೆಯಂಥ ಊರಿನಲ್ಲಿ, ಹೊರಪಟ್ಟಣದಲ್ಲಿರುವ ಮಕ್ಕಳು ತಂದೆತಾಯಿಗೆ ಹೀಗೆ ಯಂತ್ರವೊಂದನ್ನು ತರಿಸಿಕೊಡುವುದು ಪ್ರೀತಿಯ ಕೆಲಸವೇ ಸರಿ. ಆದರೆ ಆ ಯಂತ್ರ ಕಿವಿಯಲ್ಲಿ ಉಳಿಯುತ್ತದೆಯೋ ಬೀರುವನ್ನು ಸೇರುತ್ತದೆಯೋ ಎಂಬುದು ಕೊಳ್ಳುವ ಮೊದಲು ತಿಳಿದುಕೊಂಡಿರಬೇಕಾದ ಕೆಲವು ಸಂಗತಿಗಳನ್ನು ಅವಲಂಬಿಸಿದೆ.

ಕೇಳುತ್ತದೆ, ಆದರೆ ತಿಳಿಯುವುದಿಲ್ಲ

ಕಿವಿಯ ಒಳಭಾಗದಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡಿರುವ ಕಾಕ್ಲಿಯಾ ಎಂಬ ಅಂಗವಿದ್ದು, ಅದರೊಳಗಿನ ಸೂಕ್ಷ್ಮ ಕೂದಲಿನಂಥ ಜೀವಕೋಶಗಳು ಶಬ್ದದ ಕಂಪನವನ್ನು ನರದ ಸಂಕೇತವಾಗಿ ಮಾರ್ಪಡಿಸಿ ಮಿದುಳಿಗೆ ಕಳಿಸುತ್ತವೆ. ವಯಸ್ಸಿನಿಂದಲೂ ದೀರ್ಘಕಾಲದ ಗದ್ದಲದಿಂದಲೂ ಈ ಕೋಶಗಳು ನಶಿಸುತ್ತವೆ. ಒಮ್ಮೆ ನಶಿಸಿದವು ಮತ್ತೆ ಹುಟ್ಟುವುದಿಲ್ಲ. ಮೊದಲು ಹಾಳಾಗುವುದು ಕೀಚಲು ಸ್ವರಗಳನ್ನು, ಅಂದರೆ ಹೆಚ್ಚಿನ ಕಂಪನಾಂಕದ ಶಬ್ದಗಳನ್ನು ಹಿಡಿಯುವ ಕೋಶಗಳು. ಮಾತಿನಲ್ಲಿ ಸ್ವರಾಕ್ಷರಗಳ ಬಲವೆಲ್ಲ ಕಡಿಮೆ ಕಂಪನಾಂಕದಲ್ಲಿದ್ದು, ಕ, ತ, ಪ, ಸ, ಶ ಮೊದಲಾದ ವ್ಯಂಜನಗಳ ಗುರುತು ಬಹುಪಾಲು ಹೆಚ್ಚಿನ ಕಂಪನಾಂಕದಲ್ಲಿರುತ್ತದೆ. ಆದ್ದರಿಂದ ಅಡುಗೆಮನೆಯಿಂದ ಸೊಸೆ ‘ಕಾಯಿ’ ಎಂದು ಕೂಗಿದರೆ ಮುದುಕರ ಕಿವಿಗೆ ‘ಆಯಿ’ ಎಂಬಷ್ಟೇ ತಲುಪುತ್ತದೆ; ಅದು ಕಾಯಿಯೋ ತಾಯಿಯೋ ಬಾಯಿಯೋ ಎಂಬುದನ್ನು ಅವರು ಊಹಿಸಬೇಕಾಗುತ್ತದೆ. ‘ಕೂಗಿದ್ದು ಕೇಳಿಸುತ್ತೆ, ಏನಂದಿದ್ದು ಅಂತ ತಿಳಿಯಲ್ಲ’ ಎಂದು ಹಿರಿಯರು ಹೇಳುವ ಮಾತು ನೆಪವಲ್ಲ, ರೋಗಲಕ್ಷಣದ ಕರಾರುವಾಕ್ಕಾದ ವರ್ಣನೆ.

ಶಬ್ದದ ಬಲವನ್ನು ಡೆಸಿಬೆಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಸಾಧಾರಣ ಮಾತುಕತೆ ಸುಮಾರು 60 ಡೆಸಿಬೆಲ್ ಇರುತ್ತದೆ. ಬೇರೆ ಬೇರೆ ಕಂಪನಾಂಕಗಳಲ್ಲಿ ಎಷ್ಟು ಮೆಲ್ಲನೆಯ ಶಬ್ದ ಕೇಳುತ್ತದೆ ಎಂಬುದನ್ನು ಗುರುತಿಸುವ ನಕ್ಷೆಗೆ ಆಡಿಯೋಗ್ರಾಂ ಎಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಂತೆ, ಚೆನ್ನಾಗಿ ಕೇಳುವ ಕಿವಿಯಲ್ಲಿ 20ರಿಂದ 35 ಡೆಸಿಬೆಲ್‌ವರೆಗಿನ ಕೊರತೆ ಅಲ್ಪ ಪ್ರಮಾಣದ್ದು, 35ರಿಂದ 50ರವರೆಗಿನದು ಮಧ್ಯಮ ಪ್ರಮಾಣದ್ದು. ಚೀಟಿಯಿಲ್ಲದೆ ಕೊಳ್ಳುವ ಯಂತ್ರಗಳ ಕುರಿತ ಚರ್ಚೆಯೆಲ್ಲ ಈ ಎರಡು ವರ್ಗದ ವಯಸ್ಕರನ್ನು ಕುರಿತದ್ದೇ ಹೊರತು, ತೀವ್ರ ಕಿವುಡನ್ನಾಗಲಿ ಮಕ್ಕಳ ಕಿವುಡನ್ನಾಗಲಿ ಕುರಿತದ್ದಲ್ಲ.

ಶಬ್ದ ಹೆಚ್ಚಿಸುವ ಪೆಟ್ಟಿಗೆ ಮತ್ತು ಶ್ರವಣ ಸಾಧನ

ಅಂಗಡಿಯಲ್ಲಿಯೂ ಜಾಹೀರಾತಿನಲ್ಲಿಯೂ ಎರಡು ಬಗೆಯ ವಸ್ತುಗಳು ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಮೊದಲನೆಯದು ಆಂಪ್ಲಿಫೈಯರ್, ಅಂದರೆ ಬಂದ ಶಬ್ದವನ್ನೆಲ್ಲ ಒಂದೇ ಸಮನೆ ಜೋರು ಮಾಡುವ ಸಲಕರಣೆ. ಇದನ್ನು ಹಾಕಿಕೊಂಡವರಿಗೆ ಸೊಸೆಯ ಮಾತಿಗಿಂತ ಮೊದಲು ಪಾತ್ರೆಯ ಸದ್ದೂ ಫ್ಯಾನಿನ ಗಾಳಿಯೂ ಟ್ರ್ಯಾಕ್ಟರಿನ ಆರ್ಭಟವೂ ಕಿವಿಗೆ ಬಡಿಯುತ್ತವೆ. ಎರಡನೆಯದು ನಿಜವಾದ ಶ್ರವಣ ಸಾಧನ. ಅದು ಯಾವ ಕಂಪನಾಂಕದಲ್ಲಿ ಕೊರತೆಯಿದೆಯೋ ಅಲ್ಲಿ ಮಾತ್ರ ಅಗತ್ಯವಿದ್ದಷ್ಟು ಬಲ ಕೊಟ್ಟು, ಮೆಲ್ಲನೆಯ ಶಬ್ದವನ್ನು ಹೆಚ್ಚಾಗಿಯೂ ಜೋರಿನ ಶಬ್ದವನ್ನು ಕಡಿಮೆಯಾಗಿಯೂ ವರ್ಧಿಸುತ್ತದೆ. ಮೊದಲನೆಯದು ಅಗ್ಗವೆಂದು ಕೊಂಡವರೇ ಕೆಲವು ದಿನಗಳಲ್ಲಿ ‘ಕಿವಿ ಮಿಷನ್ನಿನಿಂದ ತಲೆನೋವು ಬರುತ್ತೆ’ ಎಂದು ತೀರ್ಮಾನಿಸಿ, ಎರಡನೆಯದರ ಬಗೆಗೂ ನಂಬಿಕೆ ಕಳೆದುಕೊಳ್ಳುವುದು ಈ ವ್ಯಾಪಾರದಿಂದ ಆಗುವ ದೊಡ್ಡ ನಷ್ಟ.

ಅಮೆರಿಕದ ನಿಯಮ ಮತ್ತು ಕೋರಮಂಗಲದ ಪ್ರಯತ್ನ

ಅಲ್ಪ ಮತ್ತು ಮಧ್ಯಮ ಕೊರತೆಯುಳ್ಳ ವಯಸ್ಕರು ಕನ್ನಡಕದಷ್ಟೇ ಸುಲಭವಾಗಿ ಶ್ರವಣ ಸಾಧನವನ್ನು ಕೊಳ್ಳಬಹುದೇ ಎಂಬ ಪ್ರಶ್ನೆಗೆ ಸ್ಪಷ್ಟವಾದ ಕಾನೂನಿನ ಉತ್ತರ ದೊರೆತದ್ದು ಅಮೆರಿಕದಲ್ಲಿ. ಅಲ್ಲಿನ ಸಂಸತ್ತು 2017ರಲ್ಲಿ ಒಪ್ಪಿದ ಕಾಯ್ದೆಯನ್ನು ಅನುಸರಿಸಿ ಆಹಾರ ಮತ್ತು ಔಷಧ ಆಡಳಿತವು 2022ರ ಆಗಸ್ಟ್‌ನಲ್ಲಿ ಅಂತಿಮ ನಿಯಮ ಪ್ರಕಟಿಸಿತು; ಅದೇ ವರ್ಷದ ಅಕ್ಟೋಬರ್ 17ರಿಂದ 18 ವರ್ಷ ತುಂಬಿದವರು ವೈದ್ಯರ ಚೀಟಿಯಿಲ್ಲದೆ ಇಂಥ ಸಾಧನವನ್ನು ಕೊಳ್ಳಬಹುದಾಯಿತು. ಈ ಸ್ವಾತಂತ್ರ್ಯದ ಜೊತೆಗೇ ರಕ್ಷಣೆಯ ಕಟ್ಟುಪಾಡುಗಳೂ ಬಂದವು ಎಂಬುದನ್ನು ಗಮನಿಸಬೇಕು. ಯಂತ್ರದಿಂದ ಹೊಮ್ಮುವ ಶಬ್ದ 111 ಡೆಸಿಬೆಲ್ ಮೀರಬಾರದು, ಜೋರಿನ ಶಬ್ದವನ್ನು ತಾನೇ ತಗ್ಗಿಸುವ ವ್ಯವಸ್ಥೆಯಿದ್ದರೆ 117 ಮೀರಬಾರದು. ಕಿವಿಯೊಳಗೆ ಸೇರುವ ಭಾಗ ತಮಟೆಗಿಂತ, ಅಂದರೆ ಕಿವಿಯ ಒಳಪರದೆಗಿಂತ, ಕನಿಷ್ಠ 10 ಮಿಲಿಮೀಟರ್ ಈಚೆಗೇ ನಿಲ್ಲಬೇಕು. ಯಾವ ಲಕ್ಷಣಗಳಿದ್ದರೆ ವೈದ್ಯರನ್ನು ಕಾಣಬೇಕೆಂಬ ಎಚ್ಚರಿಕೆ ಡಬ್ಬಿಯ ಮೇಲೆಯೇ ಇರಬೇಕು.

2024ರ ಸೆಪ್ಟೆಂಬರ್‌ನಲ್ಲಿ ಅದೇ ಆಡಳಿತ ಆಪಲ್ ಕಂಪನಿಯ ಏರ್‌ಪಾಡ್ಸ್ ಪ್ರೊ ಎಂಬ ಇಯರ್‌ಫೋನನ್ನು ಶ್ರವಣ ಸಾಧನವಾಗಿಸುವ ತಂತ್ರಾಂಶಕ್ಕೂ ಅನುಮತಿ ಕೊಟ್ಟಿತು. ಆ ಸೌಲಭ್ಯ ಆಗ ಭಾರತದಲ್ಲಿ ತೆರೆದಿರಲಿಲ್ಲವಾದ್ದರಿಂದ, ಬೆಂಗಳೂರಿನ ಕೋರಮಂಗಲದ ಯುವ ತಂತ್ರಜ್ಞರ ತಂಡವೊಂದು ಅಜ್ಜಿಯ ಉಪಯೋಗಕ್ಕಾಗಿ ಒಂದು ಉಪಾಯ ಹೂಡಿತು. ಹೊರಗಿನ ಸಂಕೇತ ತಾಗದಂತೆ ಲೋಹದ ಹಾಳೆಯಿಂದ ಮುಚ್ಚಿದ ಪೆಟ್ಟಿಗೆಯಲ್ಲಿ ಉಪಕರಣವನ್ನಿಟ್ಟು, ಅದು ಅಮೆರಿಕದಲ್ಲೇ ಇದೆಯೆಂದು ನಂಬುವಂತೆ ಮಾಡಿ, ಆ ಸೌಲಭ್ಯವನ್ನು ಚಾಲನೆಗೆ ತಂದ ಸುದ್ದಿ 2024ರ ನವೆಂಬರ್‌ನಲ್ಲಿ ಎಲ್ಲೆಡೆ ಹರಡಿತು. ಅಗ್ಗದ, ಸುಲಭದ ಸಾಧನಕ್ಕಾಗಿ ನಮ್ಮ ಮನೆಗಳಲ್ಲಿ ಎಷ್ಟು ಹಂಬಲವಿದೆ ಎಂಬುದಕ್ಕೆ ಈ ಘಟನೆ ಸಾಕ್ಷಿ. ಆದರೆ ದುಬಾರಿ ಐಫೋನನ್ನು ಬೇಡುವ, ದಿನಕ್ಕೆ ಕೆಲವೇ ಗಂಟೆ ಚಾರ್ಜ್ ನಿಲ್ಲುವ ಇಂಥ ಸಾಧನ ತೋಟದಲ್ಲಿ ದಿನವಿಡೀ ದುಡಿಯುವವರಿಗೆ ಹೊಂದುವುದಿಲ್ಲ.

ಚೀಟಿಯಿಲ್ಲದ ಸಾಧನದಿಂದ ಪ್ರಯೋಜನವಿದೆಯೇ ಎಂಬುದಕ್ಕೂ ಪರೀಕ್ಷಿತ ಉತ್ತರವುಂಟು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಸಂಶೋಧಕರು ಹಿರಿಯ ವಯಸ್ಕರ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾವೇ ಆರಿಸಿಕೊಂಡವರಿಗೂ ತಜ್ಞರಿಂದ ಹೊಂದಿಸಿಕೊಂಡವರಿಗೂ ಲಾಭವಾದದ್ದು ಕಂಡುಬಂದಿತು. ಆದರೆ ತೃಪ್ತಿ ತಜ್ಞರ ನೆರವು ಪಡೆದವರಲ್ಲಿ ಹೆಚ್ಚಾಗಿತ್ತು. ಈ ಎರಡು ಮಾತುಗಳನ್ನೂ ಒಟ್ಟಿಗೆ ನೆನಪಿಡಬೇಕು.

ನಮ್ಮಲ್ಲಿನ ಸ್ಥಿತಿ

ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಉಪಕರಣಗಳೂ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿದ್ದು, ಶ್ರವಣ ಸಾಧನವೂ ಅದರಲ್ಲಿ ಸೇರಿದೆ. ಆದರೆ ಕೊಳ್ಳುವಾಗ ಚೀಟಿ ಕೇಳುವವರು ವಿರಳ. ಹೀಗಾಗಿ ಅಮೆರಿಕದ ಗ್ರಾಹಕರಿಗೆ ಸಿಕ್ಕ ಸ್ವಾತಂತ್ರ್ಯ ಇಲ್ಲಿ ರೂಢಿಯಲ್ಲಿಯೇ ಇದೆ. ಇಲ್ಲದಿರುವುದು ಅದರ ಜೊತೆ ಅಲ್ಲಿ ಬಂದ ರಕ್ಷಣೆ. ಆ ರಕ್ಷಣೆಯನ್ನು ಕೊಳ್ಳುವವರು ತಮ್ಮ ಎಚ್ಚರದಿಂದಲೇ ಒದಗಿಸಿಕೊಳ್ಳಬೇಕಾಗಿದೆ.

ಮೊದಲ ಎಚ್ಚರ ಕಿವಿಯನ್ನು ತೋರಿಸುವುದು. ಕಿವಿಯಿಂದ ಕೀವು ಅಥವಾ ರಕ್ತ ಸೋರುತ್ತಿದ್ದರೆ, ನೋವಿದ್ದರೆ, ಒಂದೇ ಕಿವಿ ಮಂದವಾಗಿದ್ದರೆ, ತಲೆಸುತ್ತು ಜೊತೆಗಿದ್ದರೆ ಯಂತ್ರದ ಮಾತು ಬಿಟ್ಟು ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಬೇಕು. ಒಂದೆರಡು ದಿನಗಳಲ್ಲಿ ಹಠಾತ್ತನೆ ಕಿವಿ ಕೇಳದಂತಾದರೆ ಅದು ತುರ್ತು ಸಂದರ್ಭ. ತಡವಾದಷ್ಟೂ ಚಿಕಿತ್ಸೆ ಫಲಿಸುವ ಸಾಧ್ಯತೆ ಕಡಿಮೆಯಾಗುತ್ತದೆ. ಇನ್ನು ಕೆಲವರ ಕಿವಿ ಮಂದವಾಗಿರುವುದು ಗಟ್ಟಿಯಾದ ಗುಗ್ಗೆಯಿಂದ ಮಾತ್ರ; ಅದನ್ನು ತೆಗೆಸಿದರೆ ಯಂತ್ರವೇ ಬೇಕಾಗುವುದಿಲ್ಲ. ಮನೆಮನೆಯಲ್ಲೂ ಕೊಬ್ಬರಿ ಎಣ್ಣೆ ಇರುವ ಈ ಸೀಮೆಯಲ್ಲಿ ಕಿವಿಗೆ ಬಿಸಿ ಎಣ್ಣೆ ಹನಿಸುವ ರೂಢಿಯಿದೆ. ತಮಟೆಯಲ್ಲಿ ತೂತಿದ್ದರೆ ಆ ಎಣ್ಣೆ ನಡುಗಿವಿಗೆ ಇಳಿದು ಸೋಂಕನ್ನು ಬೆಳೆಸುತ್ತದೆ. ಕಿವಿಗೆ ಕಡ್ಡಿ, ಪಿನ್ನು ಹಾಕುವುದಂತೂ ಇನ್ನೂ ಅಪಾಯ.

ಎರಡನೆಯದು ಶ್ರವಣ ಪರೀಕ್ಷೆ. ಅಗ್ಗದ ದಾರಿ ಆರಂಭವಾಗುವುದು ಇಲ್ಲಿಂದಲೇ. ಕಿವುಡುತನ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 2006-07ರಲ್ಲಿ ಆರಂಭವಾದದ್ದು ಜಿಲ್ಲಾ ಆಸ್ಪತ್ರೆಗಳಲ್ಲಿ ಕಿವಿ ಪರೀಕ್ಷೆಯ ವ್ಯವಸ್ಥೆಯನ್ನು ಬಲಪಡಿಸುವ ಉದ್ದೇಶದಿಂದ. ಆದ್ದರಿಂದ ಮೊದಲು ವಿಚಾರಿಸಬೇಕಾದ ಸ್ಥಳ ತುಮಕೂರಿನ ಜಿಲ್ಲಾ ಆಸ್ಪತ್ರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶದ ಹಿರಿಯ ಸಂಸ್ಥೆಗಳಲ್ಲೊಂದು. ಕೇಂದ್ರ ಆರೋಗ್ಯ ಸಚಿವಾಲಯಕ್ಕೆ ಸೇರಿದ ಈ ಸಂಸ್ಥೆಯಲ್ಲಿ ಪರೀಕ್ಷೆ, ಯಂತ್ರದ ಆಯ್ಕೆ, ಕಿವಿಯ ಅಳತೆಗೆ ತಕ್ಕ ಅಚ್ಚಿನ ತಯಾರಿಕೆ ಎಲ್ಲವೂ ಒಂದೇ ಆವರಣದಲ್ಲಿ ನಡೆಯುತ್ತವೆ. ಅರಳಗುಪ್ಪೆಯವರು ಅರಸೀಕೆರೆಯಲ್ಲಿ ರೈಲು ಬದಲಿಸಿ ಹಾಸನದ ಮೇಲೆ ಮೈಸೂರಿಗೆ ಹೋಗಿಬರುವುದು ದೂರವೆನಿಸಿದರೂ, ಸಲ್ಲದ ಯಂತ್ರವೊಂದಕ್ಕೆ ಸುರಿಯುವ ಹಣಕ್ಕಿಂತ ಆ ಪ್ರಯಾಣ ಅಗ್ಗ.

ಮೂರನೆಯದು ಸರ್ಕಾರದ ನೆರವು. ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರದ ಅಡಿಪ್ ಯೋಜನೆ 1981ರಿಂದ ಇದ್ದು, ಆದಾಯದ ಮಿತಿಯೊಳಗಿರುವ, ಶೇ 40ರಷ್ಟು ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಪಡೆದವರಿಗೆ ಶ್ರವಣ ಸಾಧನ ದೊರೆಯುತ್ತದೆ. ಬಡತನ ರೇಖೆಗಿಂತ ಕೆಳಗಿರುವ 60 ವರ್ಷ ಮೀರಿದವರಿಗೆ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಿದೆ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಶಿಬಿರದ ದಿನವೂ ಬೇಕಾದ ದಾಖಲೆಗಳೂ ತಿಳಿಯುತ್ತವೆ. ಆದರೆ ಇಲ್ಲೊಂದು ಕಂದಕವಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ ಕೊರತೆಯುಳ್ಳವರನ್ನು ಮಂದ ಶ್ರವಣದವರೆಂದೂ 70 ಮೀರಿದವರನ್ನು ಕಿವುಡರೆಂದೂ ಹೇಳುತ್ತದೆ; 40 ಡೆಸಿಬೆಲ್ ಕೊರತೆಯಿಂದ ಮನೆಮಾತು ತಪ್ಪಿಸಿಕೊಳ್ಳುತ್ತಿರುವ ರೈತರು ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ. ಚೀಟಿಯಿಲ್ಲದ ಮಾರುಕಟ್ಟೆಗೆ ಹೋಗುವವರು ಹೆಚ್ಚಾಗಿ ಇವರೇ, ಮೋಸಹೋಗುವವರೂ ಇವರೇ.

ಕೊಳ್ಳುವಾಗ, ಬಳಸುವಾಗ

ಆಡಿಯೋಗ್ರಾಂ ಕೈಗೆ ಬಂದ ಮೇಲೆ ಯಂತ್ರವನ್ನು ಎಲ್ಲಿ ಬೇಕಾದರೂ ಕೊಳ್ಳಬಹುದು. ಪರೀಕ್ಷೆ ಮಾಡಿದಲ್ಲಿಯೇ ಕೊಳ್ಳಬೇಕೆಂಬ ಕಟ್ಟಳೆಯಿಲ್ಲ. ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಈ ಯಂತ್ರವನ್ನು ಆಡಿಯೋಗ್ರಾಂಗೆ ತಕ್ಕಂತೆ ಹೊಂದಿಸಬಹುದೇ? ಅದರ ಗರಿಷ್ಠ ಶಬ್ದಮಟ್ಟ ಎಷ್ಟು? ಹಿಡಿಸದಿದ್ದರೆ ಹಿಂದಿರುಗಿಸಲು ಎಷ್ಟು ದಿನ ಅವಕಾಶವಿದೆ? ರಿಪೇರಿ ಎಲ್ಲಿ? ಹೊಂದಿಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ? ಯಂತ್ರದ ಬೆಲೆಯನ್ನೂ ಹೊಂದಿಸುವ ಸೇವೆಯ ಬೆಲೆಯನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳುವುದು ಒಳ್ಳೆಯದು. ಶ್ರವಣ ಸಾಧನದ ಮೇಲೆ ಜಿಎಸ್‌ಟಿ ಇಲ್ಲವೆಂಬುದೂ ತಿಳಿದಿರಲಿ.

ಸಣ್ಣ ಸಂಗತಿಗಳಲ್ಲಿಯೇ ಬಳಕೆಯ ಗುಟ್ಟಿದೆ. ಕಿವಿಯ ಹಿಂದೆ ಕೂರುವ ಯಂತ್ರಕ್ಕೆ ಬೇಕಾಗುವ ಗುಂಡಿಯಂಥ ಬ್ಯಾಟರಿ ಗಾಳಿಯಿಂದ ಜೀವ ಪಡೆಯುವಂಥದು. 13ನೆಯ ಅಳತೆಗೆ ಕಿತ್ತಳೆ, 675ನೆಯದಕ್ಕೆ ನೀಲಿ ಬಣ್ಣದ ಚೀಟಿ ಅಂಟಿರುತ್ತದೆ. ಆ ಚೀಟಿ ಕಿತ್ತು ಒಂದು ನಿಮಿಷ ಬಿಟ್ಟು ಹಾಕಬೇಕು. ಒಮ್ಮೆ ಕಿತ್ತರೆ ಮತ್ತೆ ಅಂಟಿಸಿಟ್ಟರೂ ಬ್ಯಾಟರಿ ಸವೆಯುತ್ತಲೇ ಇರುತ್ತದೆ. ಯಂತ್ರ ಕುಂಯ್ ಎಂದು ಶಿಳ್ಳೆ ಹಾಕಿದರೆ ಅದು ಕೆಟ್ಟಿದೆಯೆಂದಲ್ಲ, ಅಚ್ಚು ಸಡಿಲವಾಗಿ ಹೊರಬಂದ ಶಬ್ದ ಮತ್ತೆ ಮೈಕಿಗೆ ಸೇರುತ್ತಿದೆಯೆಂದು ಅರ್ಥ. ತಲೆಗೆ ಎಣ್ಣೆ ಹಚ್ಚಿದಾಗ, ಸ್ನಾನಕ್ಕೆ ಹೋಗುವಾಗ ತೆಗೆದಿಡಬೇಕು. ಎಣ್ಣೆಯ ಜಿಡ್ಡು ಮೈಕಿನ ಸಣ್ಣ ರಂಧ್ರವನ್ನು ಮುಚ್ಚಿಬಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ವರ್ಷಗಟ್ಟಲೆ ಮೌನಕ್ಕೆ ಒಗ್ಗಿದ ಮಿದುಳಿಗೆ ಶಬ್ದದ ಅಭ್ಯಾಸ ಮರಳಲು ಕೆಲವು ವಾರಗಳೇ ಬೇಕು. ಮೊದಲು ದಿನಕ್ಕೆ ಒಂದೆರಡು ಗಂಟೆ, ಮನೆಯೊಳಗೆ, ಒಬ್ಬರ ಎದುರು ಕುಳಿತು ಮಾತಾಡುವಾಗ ಹಾಕಿಕೊಂಡು, ನಿಧಾನವಾಗಿ ಸಂತೆಗೂ ಮದುವೆಮನೆಗೂ ಹಾಕಿಕೊಂಡು ಹೋಗುವಂತಾಗಬೇಕು. ಮನೆಯವರೂ ಹಿಂದಿನಿಂದ ಕೂಗುವುದನ್ನು ಬಿಟ್ಟು ಮುಖ ಕಾಣುವಂತೆ ನಿಂತು ಬಿಡಿಸಿ ಮಾತಾಡಬೇಕು.

ಕಿವಿ ಮಂದವಾಗುವುದು ಕೇವಲ ಕಿವಿಯ ವಿಷಯವಲ್ಲ. ಮರೆಗುಳಿತನದ ತಡೆಯಬಹುದಾದ ಕಾರಣಗಳಲ್ಲಿ ಶ್ರವಣದ ಕೊರತೆಯೂ ಒಂದೆಂದು ಲ್ಯಾನ್ಸೆಟ್ ವೈದ್ಯಪತ್ರಿಕೆಯ ಆಯೋಗ 2020ರಲ್ಲಿ ಗುರುತಿಸಿದೆ. ಆದ್ದರಿಂದ ಸಾಧನ ಪಡೆಯಲು ತಡ ಮಾಡಬಾರದು, ಅವಸರದಲ್ಲಿ ಸಲ್ಲದ್ದನ್ನು ಕೊಳ್ಳಲೂಬಾರದು. ಬೀರುವಿನಲ್ಲಿ ಬಿದ್ದಿರುವ ಕಿವಿ ಮಿಷನ್ ಎಷ್ಟು ಅಗ್ಗಕ್ಕೆ ಬಂದಿದ್ದರೂ ದುಬಾರಿಯೇ. ದಿನವೂ ಕಿವಿಯಲ್ಲಿರುವುದೇ ನಿಜವಾಗಿ ಅಗ್ಗದ್ದು. ಊರಿನಲ್ಲಿ ತಂದೆತಾಯಿಯನ್ನು ಬಿಟ್ಟು ಪಟ್ಟಣದಲ್ಲಿ ದುಡಿಯುತ್ತಿರುವ ಮಕ್ಕಳು ಮುಂದಿನ ಹಬ್ಬಕ್ಕೆ ಬಂದಾಗ ಯಂತ್ರದ ಡಬ್ಬಿಯನ್ನು ತರುವ ಬದಲು, ಒಂದು ದಿನ ಬಿಡುವು ಮಾಡಿಕೊಂಡು ಅವರನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗಲಿ.